ಓದುವ ಕೋಣೆ, ಆರನೇ ವಾರ: 180 ಇಟ್ಟಿಗೆ ನೀರುಪಾಲು

ನಾವು ಏಳು ಜನ ಸೇರಿ ಕಟ್ಟುತ್ತಿರುವ ಓದುವ ಕೋಣೆಯ ಗೋಡೆ ಈ ವಾರ ಮೊಣಕಾಲುದ್ದವಾದರೂ ಎದ್ದಿರುತ್ತೆ ಅಂತ ಹೋದ ಸಲ ಬರೆದಿದ್ದೆ. ಎದ್ದಿಲ್ಲ. ಸೈಜುಗಲ್ಲಿನ ಪಾಯ ಮುಗಿದು ಹಾಗೇ ಕೂತಿದೆ, ಅದರ ಮೇಲೆ ಆಡಿನ ಮರಿಗಳು ಕುಣಿಯುತ್ತಿವೆ.

ದಸರಾ ರಜೆಗೆ ನಾವು ಏಳೂ ಜನ ನಮ್ಮ ನಮ್ಮ ಊರಿಗೆ ಹೋದೆವು. ಹೊರಡುವ ಮುಂಚೆ ಎರಡು ದಿನ ಬೆವರು ಸುರಿಸಿ 180 ಇಟ್ಟಿಗೆ ಒತ್ತಿದ್ದೆವು. ಸುಟ್ಟ ಇಟ್ಟಿಗೆ ಅಲ್ಲ, ಜರಡಿ ಹಿಡಿದ ಕೆಂಪು ಮಣ್ಣಿಗೆ ಸಿಮೆಂಟ್ ಬೆರೆಸಿ ಕೈ ಮೆಷಿನ್‌ನಲ್ಲಿ ಒತ್ತುವಂಥದ್ದು. ಗೂಡು ಬೇಡ, ಸೌದೆ ಬೇಡ, ಅದಕ್ಕೇ ಇದನ್ನು ಆರಿಸಿಕೊಂಡೆವು. ಬೆಂಗಳೂರಿನ ಐಐಎಸ್‌ಸಿಯಲ್ಲಿ (ಭಾರತೀಯ ವಿಜ್ಞಾನ ಸಂಸ್ಥೆ) ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕಾಗಿ 1974ರಲ್ಲಿ ಶುರುವಾದ ಅಸ್ತ್ರ ತಂಡ ವರ್ಷಗಟ್ಟಲೆ ಪ್ರಯೋಗ ಮಾಡಿ ಪಳಗಿಸಿದ ವಿಧಾನ ಇದು. ನಮ್ಮ ಅಳತೆ 230 × 190 × 100 ಮಿ.ಮೀ., 100 ಕೆಜಿ ಮಣ್ಣಿಗೆ 7 ಕೆಜಿ ಸಿಮೆಂಟ್, ಒಂದೊಂದು ಇಟ್ಟಿಗೆ ಹತ್ತಿರ ಹತ್ತಿರ 8 ಕೆಜಿ. ಒತ್ತಿದ ಮೇಲೆ ಮೂರು ವಾರ ತೇವ ಆರಬಾರದು. ಗೋಣಿಚೀಲ ನೀಟಾಗಿ ಹೊದಿಸಿದೆವು, ಫೋಟೋನೂ ತೆಗೆದೆವು. ದಿನಾ ನೀರು ಯಾರು ಹಾಕ್ತಾರೆ ಅನ್ನೋದು ಮಾತ್ರ ಒಬ್ಬರ ತಲೆಗೂ ಬರಲಿಲ್ಲ.

ವಾಪಸ್ ಬಂದಾಗ ಇಟ್ಟಿಗೆ ನೋಡೋಕೆ ಚೆನ್ನಾಗೇ ಇದ್ದವು. ಈ ಊರಿನ ಮೇಸ್ತ್ರಿ ಏನೂ ಹೇಳಲಿಲ್ಲ. ಒಂದನ್ನು ಎತ್ತಿ ನೀರಿನ ಬಕೆಟ್‌ಗೆ ಇಳಿಸಿ "ಬೆಳಿಗ್ಗೆ ನೋಡಾಣ" ಅಂತ ಬೀಡಿ ಹಚ್ಚಿಕೊಂಡು ಹೋದರು. ಬೆಳಿಗ್ಗೆ ನಾನು ಮೂಲೆ ಹಿಡಿದು ಎತ್ತಿದರೆ ಮೂಲೆಯಷ್ಟೇ ಕೈಗೆ ಬಂತು, ಮಳೆಗಾಲದಲ್ಲಿ ನೀರು ಬಿಟ್ಟ ಬೆಲ್ಲದ ಹಾಗೆ. ಬಕೆಟ್ ತಳದಲ್ಲಿ ಬರೀ ಕೆಂಪು ರಾಡಿ. ಬಿಸಿಲಿಗೆ ತೇವ ಆರಿಹೋಗಿ ಸಿಮೆಂಟ್ ಗಟ್ಟಿಯಾಗಿರಲೇ ಇಲ್ಲ, ಅಷ್ಟು ದಿನ ಇಟ್ಟಿಗೆಯನ್ನು ಹಿಡಿದಿಟ್ಟಿದ್ದು ಒಣಗಿದ ಜೇಡಿ, ಅದು ನೆನೆದರೆ ಕೈ ಬಿಡುತ್ತೆ ಅಲ್ವಾ.

ಎರಡು ಮೂಟೆ ಸಿಮೆಂಟ್ ಹೋಯಿತು. ಇಟ್ಟಿಗೆಗಳನ್ನು ಒಡೆದು ಪಾಯದೊಳಗೆ ನೆಲಕ್ಕೆ ತುಂಬುತ್ತಿದ್ದೇವೆ, ಪೂರ್ತಿ ದಂಡವಂತೂ ಅಲ್ಲ.

ಜಾಸ್ತಿ ನಾಚಿಕೆಯಾಗಿದ್ದು ಪಕ್ಕದ ಮನೆ ಅಜ್ಜಿ ಮಾತಿಗೆ. "ಒಂದ್ ಮಾತು ಹೇಳಿದ್ರೆ ನಾನೇ ದಿನಾ ನಾಕು ಕೊಡ ಹುಯ್ತಿದ್ನಲ್ಲಪ್ಪ" ಅಂದರು. ಮೂರು ತಿಂಗಳು ಕಂಪ್ಯೂಟರ್ ಮುಂದೆ ಕೂತು ಬಿಸಿಲು ಯಾವ ಕಿಟಕಿಗೆ ಎಷ್ಟು ಹೊತ್ತು ಬೀಳುತ್ತೆ ಅಂತೆಲ್ಲ ಲೆಕ್ಕ ಹಾಕಿದವರು ನಾವು. ಅದೇ ಅಜ್ಜಿ ನಕ್ಷೆ ನೋಡಿ, ಜಗುಲಿ ಎಲ್ಲಿ ಅಂತಾನೂ ಕೇಳಿದರು. ಇರಲಿಲ್ಲ. ಈಗ ಬರೆದಿದ್ದೇವೆ, ಎರಡೂವರೆ ಅಡಿ ಅಗಲ.

ನಿನ್ನೆಯಿಂದ ಮತ್ತೆ ಒತ್ತೋಕೆ ಶುರು, 60 ಆಗಿದೆ. ಪ್ರತಿ ಸಾಲಿನ ಮೇಲೂ ಸೀಮೆಸುಣ್ಣದಲ್ಲಿ ತಾರೀಖು, ಪಕ್ಕದಲ್ಲಿ ನೀರು ಹಾಕುವವರ ಹೆಸರು. ಇವತ್ತಿನ ಸಾಲು ಅಜ್ಜಿದು.