ನಂಜನಗೂಡು ರೈಲಿನ ಚರಿತ್ರೆ ಹುಡುಕಿ ಹೊರಡುವವರಿಗೆ

ಮೈಸೂರಿನಿಂದ ನಂಜನಗೂಡಿಗೆ ಇರುವುದು ಸುಮಾರು 25 ಕಿ.ಮೀ. ಮುಂದೆ ಚಾಮರಾಜನಗರದವರೆಗೆ ಹೋದರೂ ಒಟ್ಟು 61 ಕಿ.ಮೀ., ಅಲ್ಲಿಗೆ ಹಳಿ ಮುಗಿಯುತ್ತದೆ. ಇಷ್ಟು ಚಿಕ್ಕ ಮಾರ್ಗದ ಚರಿತ್ರೆ ಹುಡುಕುವುದಕ್ಕೆ ಅರ್ಧ ದಿನ ಸಾಕು ಎಂದುಕೊಂಡು ಯಾರೂ ಹೊರಡಬೇಡಿ. ಕಾಗದಕ್ಕೆ ಒಂದಷ್ಟು ದಿನ, ಹಳಿಗೂ ಹೊಳೆಗೂ ಪೂರ್ತಿ ಒಂದು ದಿನ ಇಟ್ಟುಕೊಳ್ಳಿ. ಎರಡನ್ನೂ ಜೊತೆಯಲ್ಲಿ ನೋಡಿದರಷ್ಟೇ ಈ ಮಾರ್ಗ ಅರ್ಥವಾಗುತ್ತದೆ ಎಂಬುದು ನನ್ನ ಅನುಭವ.

ಮಂಡ್ಯ ಕಡೆಯಿಂದ ಬರುವವರಾದರೆ ಬಸ್ಸು ಬಿಟ್ಟು ರೈಲು ಹತ್ತಿ. ಬೆಂಗಳೂರು–ಮೈಸೂರು ಮೀಟರ್ ಗೇಜ್ (ಎರಡು ಹಳಿಗಳ ನಡುವೆ ಒಂದು ಮೀಟರ್ ಅಂತರದ) ಮಾರ್ಗ 1876–78ರ ಭೀಕರ ಬರದ ಬೆನ್ನಿಗೇ ಮೈದಳೆದದ್ದು. ಮೈಸೂರಿಗೆ ರೈಲು ಮುಟ್ಟಿದ್ದು 1882ರಲ್ಲಿ, ಅಂದರೆ ರಾಜ್ಯ ಮತ್ತೆ ಒಡೆಯರ ಕೈಗೆ ಬಂದ ಮರುವರ್ಷ. ಪಾಂಡವಪುರ ನಿಲ್ದಾಣ ಹಳೆಯ ದಾಖಲೆಗಳಲ್ಲಿ 'ಫ್ರೆಂಚ್ ರಾಕ್ಸ್' ಆಗಿರುತ್ತದೆ, ಶ್ರೀರಂಗಪಟ್ಟಣ 'ಸೆರಿಂಗಪಟಮ್' ಆಗಿರುತ್ತದೆ. ಪತ್ರಾಗಾರದ ಸೂಚಿಯಲ್ಲಿ ಹುಡುಕುವಾಗ ಈ ಹೆಸರುಗಳನ್ನೂ ಬರೆದಿಟ್ಟುಕೊಂಡಿರಿ. ಶ್ರೀರಂಗಪಟ್ಟಣದಲ್ಲಿ ಇಳಿದರೆ, ಜೋಡಿ ಹಳಿಗೆ ದಾರಿ ಮಾಡಿಕೊಡಲು 2017ರಲ್ಲಿ ಬುಡಸಮೇತ ಎತ್ತಿ ಸುಮಾರು 130 ಮೀಟರ್ ಆಚೆಗೆ ಸರಿಸಿದ ಟಿಪ್ಪುವಿನ ಶಸ್ತ್ರಾಗಾರವನ್ನು ನೋಡಬಹುದು. ಹಳಿಗಾಗಿ ಚರಿತ್ರೆಯನ್ನು ಒಡೆಯದೆ ಪಕ್ಕಕ್ಕೆ ಸರಿಸಿ ಉಳಿಸಿಕೊಂಡದ್ದು ನನಗೆ ನಿಜಕ್ಕೂ ಸಂತೋಷ ಕೊಟ್ಟ ಸಂಗತಿ.

ಮೈಸೂರಿನಲ್ಲಿ ಮೊದಲು ರೈಲ್ವೆ ವಸ್ತುಸಂಗ್ರಹಾಲಯಕ್ಕೆ ಹೋಗಿ. ಕೃಷ್ಣರಾಜಸಾಗರ ರಸ್ತೆಯಲ್ಲಿ, ಸಿಎಫ್‌ಟಿಆರ್‌ಐ (ಕೇಂದ್ರದ ಆಹಾರ ಸಂಶೋಧನಾ ಸಂಸ್ಥೆ) ಎದುರಿಗೆ, ನಿಲ್ದಾಣದಿಂದ ನಡೆದೇ ಹೋಗುವಷ್ಟು ಹತ್ತಿರ. ವಾರಕ್ಕೊಂದು ದಿನ ರಜೆ ಇರುತ್ತದೆ, ಕೇಳಿಕೊಂಡು ಹೋಗಿ. 1979ರಲ್ಲಿ ಶುರುವಾದ ಈ ಜಾಗದಲ್ಲಿ 1899ರ ಮಹಾರಾಣಿಯವರ ಸಲೂನ್ ಬೋಗಿ ಇದೆ. ಅಡುಗೆಮನೆ, ಊಟದ ಮನೆ ಎಲ್ಲ ಅದರ ಜೊತೆಗೇ. ಹಳಿಯ ಮೇಲೆ ಓಡುವಂತೆ ಗಾಲಿ ಹಾಕಿದ ಆಸ್ಟಿನ್ ಕಾರೂ ಇದೆ. ಮಕ್ಕಳು ಪುಟಾಣಿ ರೈಲಿನ ಕಡೆ ಓಡುತ್ತಾರೆ. ನೀವು ಹಳೆಯ ಚಿತ್ರ, ಫಲಕಗಳ ಮುಂದೆ ನಿಲ್ಲಿ. ಮೀಟರ್ ಗೇಜ್ ಎಂದರೆ ಎಷ್ಟು ಅಗಲ, ಆ ಬೋಗಿ ಎಷ್ಟು ಕಿರಿದು ಎಂಬುದು ಕಣ್ಣಿಗೆ ಒಮ್ಮೆ ಬಿದ್ದಿದ್ದರೆ ಮುಂದೆ ನಂಜನಗೂಡಿನ ಸೇತುವೆಯ ಮೇಲೆ ನಿಂತಾಗ ಬಹಳ ಸಹಾಯವಾಗುತ್ತದೆ.

ಇನ್ನು ಕಾಗದದ ಕೆಲಸ. ರಾಜ್ಯ ಪತ್ರಾಗಾರ ಇಲಾಖೆಗೆ ಮೈಸೂರಿನಲ್ಲಿ ವಿಭಾಗೀಯ ಕಚೇರಿ ಇದೆ. ಆಧಾರ್ ಕಾರ್ಡಿನ ಪ್ರತಿ, ಏನು ಹುಡುಕುತ್ತಿದ್ದೀರಿ ಎಂದು ತಿಳಿಸುವ ಒಂದು ಅರ್ಜಿ, ಸಾಧ್ಯವಾದರೆ ಕಾಲೇಜಿನದೋ ಸಂಸ್ಥೆಯದೋ ಪರಿಚಯ ಪತ್ರ ಒಯ್ಯಿರಿ. ಪೆನ್ನು ಬೇಡ, ಪೆನ್ಸಿಲ್ ಇಟ್ಟುಕೊಳ್ಳಿ. 'ರೈಲ್ವೆ ಬಗ್ಗೆ ಏನಿದೆ' ಎಂದು ಕೇಳಿದರೆ ಯಾರಿಗೂ ಉತ್ತರ ಹೊಳೆಯುವುದಿಲ್ಲ. ಯಾವ ವರ್ಷ, ಯಾವ ಇಲಾಖೆ, ಯಾವ ಊರು ಎಂದು ಕೇಳಿದರೆ ಕಡತ ಮೇಜಿಗೆ ಬರುತ್ತದೆ. ಅದಕ್ಕಾಗಿ ಮನೆಯಲ್ಲೇ ರೈಸ್ ಅವರ ಮೈಸೂರು ಗೆಜೆಟಿಯರಿನ (ನಾಡಿನ ಸಮಗ್ರ ವಿವರಗಳ ಸರ್ಕಾರಿ ಗ್ರಂಥದ) 1897ರ ಆವೃತ್ತಿಯನ್ನೂ ಹಯವದನರಾಯರು ಸಂಪಾದಿಸಿದ ನಂತರದ ಗೆಜೆಟಿಯರನ್ನೂ ಓದಿಕೊಂಡು ಹೋಗಿ. ಎರಡೂ ಅಂತರ್ಜಾಲದಲ್ಲಿ ಸಿಗುತ್ತವೆ. ಸಂಸ್ಥಾನದ ವಾರ್ಷಿಕ ಆಡಳಿತ ವರದಿಗಳಲ್ಲಿ ವರ್ಷ ಜುಲೈಯಿಂದ ಜೂನ್‌ಗೆ ಎಣಿಸುತ್ತಿದ್ದ ಕಾಲವಿತ್ತು. ಆದ್ದರಿಂದ ಒಂದೇ ಘಟನೆ ಒಂದು ಕಡೆ ಒಂದು ವರ್ಷ, ಇನ್ನೊಂದು ಕಡೆ ಮರುವರ್ಷ ಎಂದು ಕಂಡರೆ ಗಾಬರಿಯಾಗಬೇಡಿ. ದೂರವೆಲ್ಲ ಮೈಲಿಯಲ್ಲಿ ಇರುತ್ತದೆ.

ಯಾರ ಆಡಳಿತದಲ್ಲಿ ಯಾವಾಗ ಇತ್ತು ಎಂಬುದು ತಿಳಿದಿದ್ದರೆ ಅರ್ಧ ಕೆಲಸ ಮುಗಿದಂತೆ. ಮೈಸೂರಿನಿಂದ ನಂಜನಗೂಡಿಗೆ ಹೋಗುವ ಕವಲು ಮಾರ್ಗ 1891ರದು. ಆಗ ನಡೆಸುತ್ತಿದ್ದದ್ದು ಸದರ್ನ್ ಮರಾಠಾ ರೈಲ್ವೆ ಕಂಪನಿ. 1919ರಲ್ಲಿ ಸಂಸ್ಥಾನವೇ ಕೈಗೆ ತೆಗೆದುಕೊಂಡಿತು. 1951ರಲ್ಲಿ ದಕ್ಷಿಣ ರೈಲ್ವೆ ಸೇರಿ, 2003ರಿಂದ ನೈಋತ್ಯ ರೈಲ್ವೆಯದಾಗಿದೆ. ಹಾಗಾಗಿ ಕಾಗದಗಳು ಮೈಸೂರಿನಲ್ಲಿ ಮಾತ್ರ ಇವೆ ಎಂದುಕೊಳ್ಳಬೇಡಿ. ಕಂಪನಿಯ ಕಾಲದವು ಬೇರೆ ದಿಕ್ಕು, ಚೆನ್ನೈ ಕೇಂದ್ರವಾಗಿದ್ದ ಕಾಲದವು ಬೇರೆ ದಿಕ್ಕು. ಇದನ್ನು ಮೊದಲೇ ಲೆಕ್ಕ ಹಾಕಿದರೆ ಅಲೆದಾಟ ಕಡಿಮೆ.

ದೇಶವಿದೇಶದ ಪುಟ್ಟ ರೈಲುಗಳ ಕಥೆ ಓದಿದವರು ನನ್ನನ್ನು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: ರೈಲು ಇಳಿದವರಿಗೆ ಇಲ್ಲಿ ಹಬೆ ದೋಣಿಯ ಸಂಪರ್ಕ ಇರಲಿಲ್ಲವೇ? ಕಾವೇರಿಯನ್ನೂ ಕಪಿಲೆಯನ್ನೂ (ಕಬಿನಿ ಎಂದರೂ ಇದೇ ಹೊಳೆ) ಕಣ್ಣಾರೆ ನೋಡಿದರೆ ಉತ್ತರ ಗೊತ್ತಾಗುತ್ತದೆ. ತುಂಬ ಬಂಡೆ, ಬೇಸಿಗೆಯಲ್ಲಿ ಮೊಣಕಾಲುದ್ದ ನೀರು, ಮಾಧವಮಂತ್ರಿ ಕಟ್ಟೆಯಂಥ ಅಡ್ಡಗಟ್ಟೆಗಳು ಶತಮಾನಗಳಿಂದ ನೀರನ್ನು ಗದ್ದೆಗೆ ತಿರುಗಿಸುತ್ತಿವೆ. ಈ ಹೊಳೆ ಬೇಸಾಯಕ್ಕೆ ಒಲಿದದ್ದು, ಹಡಗಿಗಲ್ಲ. ಇಲ್ಲಿ ಹೊಳೆ ದಾಟಿಸುತ್ತಿದ್ದದ್ದು ಹರಿಗೋಲು. ತಿರುಮಕೂಡಲು ನರಸೀಪುರದ ಸಂಗಮಕ್ಕೆ ಹೋದರೆ ಈಗಲೂ ಕೂರಬಹುದು. ಹಬೆ ಹಡಗು ಬೇಕಾದರೆ ಕರಾವಳಿಗೆ ಹೋಗಬೇಕು: ಮುಂಬೈ–ಮಂಗಳೂರು ನಡುವಿನ ಸ್ಟೀಮರುಗಳು, 1907ರಲ್ಲಿ ಮದರಾಸಿನ ಕಡೆಯಿಂದ ಮಂಗಳೂರಿಗೆ ಬಂದ ರೈಲು. ಕಡಲಿಲ್ಲದ ಮೈಸೂರು ಸಂಸ್ಥಾನ ಭಟ್ಕಳದಲ್ಲಿ ಬಂದರು ಕಟ್ಟಿ ಅಲ್ಲಿಗೆ ರೈಲು ಒಯ್ಯುವ ಯೋಚನೆ ಮಾಡಿತ್ತು, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ. ಅದು ಕೈಗೂಡಲಿಲ್ಲ. ರೈಲು–ಹಡಗು ಎಂದು ಹುಡುಕುವವರು ಬಂದರಿನ ಆ ಕಡತಗಳನ್ನು ಬೆನ್ನು ಹತ್ತಲಿ, ನಿಜವಾದ ಕಥೆ ಅಲ್ಲಿದೆ.

ಈಗ ಹಳಿಯ ದಿನ. ಬೆಳಗಿನ ಪ್ಯಾಸೆಂಜರ್ ಹಿಡಿಯಿರಿ. ಸಮಯ ಆಗಾಗ ಬದಲಾಗುತ್ತದೆ, ಹಿಂದಿನ ದಿನ ನೋಡಿಕೊಳ್ಳಿ. ಚಾಮರಾಜಪುರಂ, ಅಶೋಕಪುರಂ, ಕಡಕೊಳ, ತಾಂಡವಪುರ ದಾಟುತ್ತವೆ. ಅಶೋಕಪುರದಲ್ಲಿ ರೈಲ್ವೆ ಕಾರ್ಯಾಗಾರವಿದೆ. ಸುತ್ತಿನ ಬಡಾವಣೆಗಳಲ್ಲಿ ನಿವೃತ್ತ ನೌಕರರು ಸಿಗುತ್ತಾರೆ. ಅವರ ಹತ್ತಿರ ಇಸವಿ ಕೇಳಬೇಡಿ, ಕೆಲಸ ಕೇಳಿ: ನೀರು ಎಲ್ಲಿ ತುಂಬುತ್ತಿದ್ದರು, ಇಂಜಿನ್ ಎಲ್ಲಿ ತಿರುಗಿಸುತ್ತಿದ್ದರು, ಜಾತ್ರೆಗೆ ಎಷ್ಟು ಬೋಗಿ ಸೇರಿಸುತ್ತಿದ್ದರು. ಯಾವ ವರದಿಯಲ್ಲೂ ಇಲ್ಲದ್ದು ಆಗ ಹೊರಬರುತ್ತದೆ. ಒಪ್ಪಿಗೆ ಪಡೆದೇ ಧ್ವನಿಮುದ್ರಣ ಮಾಡಿ.

ನಂಜನಗೂಡಿನಲ್ಲಿ ಇಳಿದು ಹಳೆಯ ಸೇತುವೆಗೆ ಹೋಗಿ. ಇಡೀ ಪ್ರವಾಸದ ಜೀವ ಇದು. ದಳವಾಯಿ ದೇವರಾಜಯ್ಯ 1735ರಲ್ಲಿ ಕಪಿಲೆಗೆ ಕಟ್ಟಿಸಿದ ಕಲ್ಲಿನ ಸೇತುವೆ, ಚೂಪು ಕಮಾನುಗಳ ಸಾಲು. ಪ್ರಪಂಚದಲ್ಲಿ ರೈಲೆಂಬುದೇ ಇಲ್ಲದ ಕಾಲದಲ್ಲಿ ಎತ್ತಿನ ಗಾಡಿಗೂ ಸೈನ್ಯಕ್ಕೂ ಕಟ್ಟಿದ್ದರ ಮೇಲೆ ಮುಂದೆ ರೈಲೂ ಓಡಿತು, ಪಕ್ಕದಲ್ಲೇ ರಸ್ತೆಯೂ ಇತ್ತು. ಮೀಟರ್ ಗೇಜಿಗಿಂತ ಅಗಲವಾದ ಬ್ರಾಡ್ ಗೇಜ್ ಹಳಿ ಬಂದಾಗ ರೈಲಿಗೆ ಹೊಸ ಸೇತುವೆಯಾಯಿತು, ಹಳೆಯದಕ್ಕೆ ವಿಶ್ರಾಂತಿ ಸಿಕ್ಕಿತು. ಅಗಲವನ್ನು ಹೆಜ್ಜೆಯಲ್ಲಿ ಅಳೆದು ನೋಡಿ: ರೈಲೂ ಗಾಡಿಯೂ ಹೇಗೆ ಒಂದೇ ಮೈಮೇಲೆ ಹೋದವು ಎಂಬುದು ಯಾವ ಕಡತಕ್ಕಿಂತ ಚೆನ್ನಾಗಿ ತಿಳಿಯುತ್ತದೆ. ಈ ಸೇತುವೆಗೆ ಇನ್ನೂ ಹೆಚ್ಚು ಕಾಳಜಿ ಸಲ್ಲಬೇಕು. ಕಲ್ಲಿನ ಸಂದಿಯಲ್ಲಿ ಬೇರೂರುವ ಗಿಡಗಳನ್ನು ಕಂಡರೆ ಸಂಕಟವಾಗುತ್ತದೆ.

ಡಿಸೆಂಬರಿನಿಂದ ಫೆಬ್ರವರಿಯೊಳಗೆ ಹೋಗಿ. ನೀರು ಇಳಿದಿರುವುದರಿಂದ ಕಮಾನುಗಳು ಬುಡದವರೆಗೂ ಕಾಣುತ್ತವೆ. ಜುಲೈ–ಆಗಸ್ಟಿನಲ್ಲಿ ಕಬಿನಿ ಜಲಾಶಯ ತುಂಬಿ ನೀರು ಬಿಟ್ಟರೆ ಸ್ನಾನಘಟ್ಟಗಳು ಮುಳುಗುತ್ತವೆ, ಮಲ್ಲನಮೂಲೆ ಮಠದ ಬಳಿ ಹೆದ್ದಾರಿಯೂ ಬಂದ್ ಆಗುವುದುಂಟು. ಮಾರ್ಚ್–ಏಪ್ರಿಲಿನ ದೊಡ್ಡ ಜಾತ್ರೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಆದರೆ ಈ ಮಾರ್ಗಕ್ಕೆ ಯಾತ್ರಿಕರು ಎಷ್ಟು ದೊಡ್ಡ ಆಧಾರ ಎಂದು ನೋಡಬೇಕಾದವರು ಆಗಲೇ ಹೋಗಲಿ. ಶ್ರೀಕಂಠೇಶ್ವರನ ದರ್ಶನ ಮುಗಿಸಿ, ಹೊತ್ತಿದ್ದರೆ ಅದೇ ಮಾರ್ಗದಲ್ಲಿ ಚಾಮರಾಜನಗರಕ್ಕೆ ಮುಂದುವರಿಯಿರಿ. ಸತ್ಯಮಂಗಲದ ಕಾಡು ದಾಟಿಸಿ ಮೆಟ್ಟುಪಾಳ್ಯಕ್ಕೆ ಸೇರಿಸುವ ಬೇಡಿಕೆ ಬಹಳ ಹಳೆಯದು, ಆನೆ ದಾರಿಯ ಕಾಡು ಅದಕ್ಕೆ ಅಡ್ಡ. ನಿಲ್ದಾಣದ ತುದಿಯಲ್ಲಿ ಹಳಿ ನಿಲ್ಲುವ ಜಾಗವನ್ನು ನೋಡಿಕೊಂಡು, ಮೈಸೂರಿಗೆ ಸಂಜೆಯ ರೈಲು ಎಷ್ಟು ಹೊತ್ತಿಗೆ ಎಂದು ಇಳಿದ ಕೂಡಲೇ ಕೌಂಟರಿನಲ್ಲಿ ಕೇಳಿಕೊಳ್ಳಿ. ಅದು ತಪ್ಪಿದರೆ ಬಸ್ಸಿದೆ.