ಹಳೆಯ ಕಾರು: ಮೂಲರೂಪವೋ, ಮಾರ್ಪಾಡೋ?

ಹಳೆಯ ಕಾರನ್ನು ಮೂಲಸ್ಥಿತಿಗೆ ತರಬೇಕೆ, ಇಲ್ಲವೇ ಇಂದಿನ ರಸ್ತೆಗೆ ಹೊಂದುವಂತೆ ಮಾರ್ಪಡಿಸಬೇಕೆ ಎಂಬ ಚರ್ಚೆಯಲ್ಲಿ, ಇದ್ದುದನ್ನು ಇದ್ದಂತೆಯೇ ಕಾಪಾಡುವ ಮೂರನೆಯ ದಾರಿ ಸಾಮಾನ್ಯವಾಗಿ ಮರೆತುಹೋಗುತ್ತದೆ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿವಾದ ಟ್ಯೂರಿನ್ ಸನ್ನದು ಈ ಸಂರಕ್ಷಣೆಗೇ ಮೊದಲ ಮಣೆ ಹಾಕುತ್ತದೆ. 2024ರಲ್ಲಿ ಅಮೆರಿಕದ ಪೆಬಲ್ ಬೀಚ್ ಕಾರು ಪ್ರದರ್ಶನದ ಅಗ್ರ ಪ್ರಶಸ್ತಿಯೂ ಮೊದಲ ಬಾರಿಗೆ ಸಂರಕ್ಷಿತ ಕಾರೊಂದಕ್ಕೆ, 1934ರ ಬುಗಾಟಿ ಟೈಪ್ 59ಕ್ಕೆ, ಸಂದಿತು.

'ಅಪ್ಪಟ' ಎನಿಸಿಕೊಳ್ಳುವ ಎಷ್ಟೋ ಪುನರುಜ್ಜೀವನಗಳನ್ನು ನಾನು ಅನುಮಾನದಿಂದಲೇ ನೋಡುತ್ತೇನೆ. 1920ರ ದಶಕದಲ್ಲಿ ಬಳಕೆಗೆ ಬಂದ ನೈಟ್ರೋಸೆಲ್ಯುಲೋಸ್ ಬಣ್ಣವನ್ನು ತೆಳುವಾದ ಹಲವು ಪದರಗಳಲ್ಲಿ ಬಳಿದು ಉಜ್ಜಿ ಹೊಳಪು ಕೊಡುತ್ತಿದ್ದರು. ವರ್ಷಗಳು ಕಳೆದಂತೆ ಅದರಲ್ಲಿ ಕೂದಲೆಳೆಯಂಥ ಬಿರುಕುಗಳು ಮೂಡಿ, ಅಂಚುಗಳಲ್ಲಿ ಬಣ್ಣದಡಿಯ ಪ್ರೈಮರ್ ಪದರ ಇಣುಕುತ್ತದೆ. ಅದನ್ನೆಲ್ಲ ಕೆರೆದು, ಗಾಜಿನಂತೆ ಮಿನುಗುವ ಇಂದಿನ ಕ್ಲಿಯರ್‌ಕೋಟ್ ಎಂಬ ಪಾರದರ್ಶಕ ಮೇಲ್ಪದರ ಬಳಿದರೆ, ಕಾರ್ಖಾನೆ ಎಂದೂ ತಯಾರಿಸದಿದ್ದ ಕಾರೊಂದು ಹುಟ್ಟುತ್ತದೆ. (ಬಹುಮಾನವೂ ಬರಬಹುದು, ಆ ಮಾತು ಬೇರೆ.)

ಹಾಗೆಂದು ಮಾರ್ಪಾಡುಗಳೆಲ್ಲವೂ ಅಪರಾಧವೇನಲ್ಲ. ಮಂದವಾಗಿ ಉರಿಯುವ ದೀಪಗಳ 6 ವೋಲ್ಟ್ ವ್ಯವಸ್ಥೆಯನ್ನು 12 ವೋಲ್ಟ್‌ಗೆ ಬದಲಿಸಿದರೂ, ಡ್ರಮ್ ಬ್ರೇಕಿನ ಜಾಗದಲ್ಲಿ ಡಿಸ್ಕ್ ಬ್ರೇಕ್ ಕೂರಿಸಿದರೂ, ಮೂಲ ಭಾಗಗಳನ್ನು ಜೋಪಾನವಾಗಿಟ್ಟು, ಕಾರಿನ ಅಡಿಚೌಕಟ್ಟಾದ ಚಾಸಿಗೆ ಹೊಸ ತೂತು ಕೊರೆಯದಿದ್ದರೆ, ಮುಂದಿನ ಮಾಲೀಕರು ಅವನ್ನು ಮರಳಿ ಜೋಡಿಸಿಕೊಳ್ಳಬಹುದು. ದೊಡ್ಡ ಎಂಜಿನ್ ಹಿಡಿಸಲೆಂದು ಎಂಜಿನ್‌ಗೂ ಪ್ರಯಾಣಿಕರಿಗೂ ನಡುವಿನ ಫೈರ್‌ವಾಲ್ ಗೋಡೆಯನ್ನು ಕತ್ತರಿಸುವುದನ್ನು ಮಾತ್ರ ನಾನು ಒಪ್ಪಲಾರೆ. ಸಾವಿರಾರು ಸಂಖ್ಯೆಯಲ್ಲಿ ಉಳಿದಿರುವ ಮಾದರಿಯಾದರೆ ಸಹಿಸಿಕೊಂಡೇನು. ಬೆರಳೆಣಿಕೆಯಷ್ಟೇ ಉಳಿದಿರುವ ಕಾರಿಗೆ ಗರಗಸ ಹಚ್ಚುವುದನ್ನು ಯಾವ ಅನುಕೂಲದ ಹೆಸರಿನಲ್ಲೂ ಸಮರ್ಥಿಸಲಾಗದು.