ಒತ್ತಿದರೂ ಮಾಸದ ಚುಕ್ಕೆ

ತೀರ್ಥಹಳ್ಳಿಯ ಚರ್ಮರೋಗ ವೈದ್ಯನಾಗಿ ನಾನು ದಿನವೂ ನೋಡುವುದು ಹುಳಕಡ್ಡಿ, ಕೆಸರುಹುಣ್ಣು, ಉಂಬಳ ಕಚ್ಚಿದ ಜಾಗದ ತುರಿಕೆ. ತೋಟ, ಗದ್ದೆಗಳಲ್ಲಿ ದುಡಿಯುವವರಿಗೆ ಇವು ಹೊಸತಲ್ಲವಾದ್ದರಿಂದ, ಮೈಮೇಲೆ ಏನೇ ಎದ್ದರೂ ಅದನ್ನು ಮಳೆಯ ಅಥವಾ ಹುಳುಗಳ ಲೆಕ್ಕಕ್ಕೆ ಬರೆದುಬಿಡುವುದು ಇಲ್ಲಿ ರೂಢಿ.

ಅಡಿಕೆ ಕೊಯ್ಲಿನ ಸಮಯದಲ್ಲಿ ಬಂದ ಒಬ್ಬ ಮಹಿಳೆಯ ಮೊಣಕಾಲಿನ ಕೆಳಗೆ ಗುಂಡುಸೂಜಿಯ ತಲೆಯಷ್ಟು ಸಣ್ಣ ಕೆಂಪು ಚುಕ್ಕೆಗಳಿದ್ದವು. "ಸುಲಿಯೋಕೆ ಕೂತಾಗ ಉಣುಗು ಕಚ್ಚಿರಬೇಕು ಡಾಕ್ಟ್ರೆ, ತುರಿಕೆಯೇನೂ ಇಲ್ಲ" ಎಂದರು. ತುರಿಕೆ ಇಲ್ಲವೆಂಬುದೇ ನನ್ನನ್ನು ಎಚ್ಚರಿಸಿತು. ಪಾರದರ್ಶಕ ಗಾಜಿನಿಂದ ಒತ್ತಿದರೆ ಸಾಮಾನ್ಯ ಗಂದೆಯ ಕೆಂಪು ಮಾಸುತ್ತದೆ. ರಕ್ತನಾಳದಿಂದ ಹೊರಕ್ಕೆ ಸೋರಿ ಚರ್ಮದಡಿಯಲ್ಲಿ ನಿಂತ ರಕ್ತ ಮಾಸುವುದಿಲ್ಲ. ಅವರದು ಮಾಸಲಿಲ್ಲ. ಹಲ್ಲುಜ್ಜುವಾಗ ವಸಡಿನಲ್ಲಿ ರಕ್ತ ಬರುವುದನ್ನೂ, ಸುಸ್ತನ್ನೂ ನಾನು ಕೇಳಿದ ಮೇಲಷ್ಟೇ ಅವರು ಹೇಳಿದರು. ರಕ್ತ ಸೋರದಂತೆ ತಡೆಯುವ ಕಣಗಳಾದ ಪ್ಲೇಟ್‌ಲೆಟ್ ಕನಿಷ್ಠ ಒಂದೂವರೆ ಲಕ್ಷ ಇರಬೇಕಾದದ್ದು ಇಪ್ಪತ್ತು ಸಾವಿರಕ್ಕಿಂತ ಕೆಳಗಿಳಿದಿತ್ತು, ಸ್ಲೈಡಿನಲ್ಲಿ ಬಲಿಯದ ಬಿಳಿ ರಕ್ತಕಣಗಳು ಕಂಡವು. ಬೆಂಗಳೂರಿನಲ್ಲಿ ಮಾಡಿದ ಅಸ್ಥಿಮಜ್ಜೆಯ ಪರೀಕ್ಷೆ ರಕ್ತದ ಕ್ಯಾನ್ಸರನ್ನು ಖಚಿತಪಡಿಸಿತು. ಮಜ್ಜೆಯನ್ನೆಲ್ಲ ಇಂತಹ ಕಣಗಳೇ ಆಕ್ರಮಿಸಿದಾಗ ಪ್ಲೇಟ್‌ಲೆಟ್ ಹುಟ್ಟಲು ಜಾಗ ಉಳಿಯುವುದಿಲ್ಲ. ಅವು ಕಡಿಮೆಯಾದಾಗ, ರಕ್ತದ ಒತ್ತಡ ಹೆಚ್ಚಿರುವ ಕಾಲುಗಳಲ್ಲೇ ಚುಕ್ಕೆಗಳು ಮೊದಲು ಮೂಡುತ್ತವೆ.

ಚುಕ್ಕೆ ಕಂಡವರೆಲ್ಲ ಹೆದರಬೇಕಿಲ್ಲ. ಡೆಂಗಿಯಲ್ಲೂ, 1957ರಲ್ಲಿ ನಮ್ಮದೇ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯಲ್ಲೂ ಪ್ಲೇಟ್‌ಲೆಟ್ ಇಳಿಯುತ್ತದೆ, ಆದರೆ ಅವುಗಳಿಗೆ ಜ್ವರದ ಹಿನ್ನೆಲೆಯಿರುತ್ತದೆ. ಏನೇ ಇರಲಿ, ಒತ್ತಿದರೂ ಮಾಸದ ಚುಕ್ಕೆಗೆ ರಕ್ತಪರೀಕ್ಷೆ ಅಂದೇ ಆಗಬೇಕು.

ನನಗೆ ಹೆಚ್ಚು ಚಿಂತೆಯಿರುವುದು ಹುಳಕಡ್ಡಿಯಂತೆ ನಟಿಸುವ ಇನ್ನೊಂದು ಕಾಯಿಲೆಯ ಬಗ್ಗೆ. ಮೈಕೋಸಿಸ್ ಫಂಗಾಯ್ಡಿಸ್ ಎಂಬ ಹೆಸರು ಶಿಲೀಂಧ್ರವನ್ನು ನೆನಪಿಸಿದರೂ ಅದು ಟಿ ಕಣಗಳೆಂಬ ಬಿಳಿ ರಕ್ತಕಣಗಳ ಕ್ಯಾನ್ಸರ್. ಸೊಂಟ, ತೊಡೆಯಂತಹ ಬಿಸಿಲು ಬೀಳದ ಜಾಗಗಳಲ್ಲಿ ಒಣ, ಕೆಂಪು ಅಥವಾ ಬಿಳಿಚಿದ ಪಟ್ಟೆಗಳಾಗಿ ವರ್ಷಗಟ್ಟಲೆ ಉಳಿಯುತ್ತದೆ. ಔಷಧ ಅಂಗಡಿಯಲ್ಲಿ ಚೀಟಿಯಿಲ್ಲದೆ ಕೊಂಡ ಸ್ಟೀರಾಯ್ಡ್ ಬೆರೆತ ಮುಲಾಮು ಹಚ್ಚಿದರೆ ತಾತ್ಕಾಲಿಕವಾಗಿ ಮಂಕಾಗುವುದರಿಂದ ವಾಸಿಯಾಯಿತೆಂದು ನಂಬಿಕೆ ಹುಟ್ಟುತ್ತದೆ, ರೋಗ ಮಾತ್ರ ಒಳಗೇ ಉಳಿಯುತ್ತದೆ.

ಗಂದೆಯೇ ಇಲ್ಲದ ತುರಿಕೆಯೂ ಉಂಟು. ರಾತ್ರಿ ಬೆವರು, ತೂಕ ಇಳಿಕೆ ಜೊತೆಗಿದ್ದರೆ ಹಾಡ್ಜ್‌ಕಿನ್ ಲಿಂಫೋಮಾ ಎಂಬ ದುಗ್ಧಗ್ರಂಥಿಗಳ ಕ್ಯಾನ್ಸರ್ ಇದೆಯೇ ಎಂದು ನೋಡಬೇಕು. ಹಂಡೆಯ ಬಿಸಿನೀರು ಮಿಂದ ಕೂಡಲೇ ಮೈಯೆಲ್ಲ ತುರಿಸಿದರೆ ಕೆಂಪು ರಕ್ತಕಣಗಳು ಅತಿಯಾಗಿ ಹುಟ್ಟುವ ಕಾಯಿಲೆಯಿಂದ ಹಿಮೋಗ್ಲೋಬಿನ್ ವಿಪರೀತ ಏರಿದೆಯೇ ಎಂದೂ ನೋಡಬೇಕು, ಬಹುತೇಕರಲ್ಲಿ ಅದು ಬರೀ ಒಣಚರ್ಮವೇ ಆಗಿದ್ದರೂ.

ವಾಸಿಯಾಗದ ಪಟ್ಟೆಯ ಚರ್ಮದ ತುಣುಕನ್ನು ಪರೀಕ್ಷೆಗೆ ಕೊಡುವವರು ವೈದ್ಯರನ್ನು ಕೇಳಿ ಕೆಲವು ವಾರ ಮೊದಲೇ ಸ್ಟೀರಾಯ್ಡ್ ಮುಲಾಮು ನಿಲ್ಲಿಸಿರಬೇಕು. ಇಲ್ಲದಿದ್ದರೆ ಸೂಕ್ಷ್ಮದರ್ಶಕದಲ್ಲೂ ರೋಗ ಮರೆಯಾಗಿಯೇ ಉಳಿಯಬಹುದು.